ಒಳಗಿನವರ ಪಟ್ಟಿ

ಸಂಜೆಯ ಪ್ರಾರ್ಥನೆಯಲ್ಲಿ ಸೋದರಮಾವ ಲೆಮಾನಾ "ಕಡಲಾಚೆ ಇರುವ ನಮ್ಮ ಮತಲೇನಾಳನ್ನೂ ಕಾಪಾಡು ತಂದೆಯೇ" ಎಂಬಲ್ಲಿಗೆ ಬಂದಿದ್ದ. ಮತಲೇನಾ ಅವನ ಪಕ್ಕದ ಚಾಪೆಯಲ್ಲೇ ಕುಳಿತಿದ್ದಳು. ಇಪ್ಪತ್ತನಾಲ್ಕು ವರ್ಷ ಹೇಳಿ ಹೇಳಿ ರೂಢಿಯಾದ ಮಾತು, ಅವಳು ಬಂದು ಒಂಬತ್ತು ದಿನವಾದರೂ ಅವನ ಬಾಯಿಂದ ಹಾಗೆಯೇ ಬರುತ್ತಿತ್ತು. ಅಷ್ಟರಲ್ಲಿ ಮೂಲೆಯ ಟಿ.ವಿ. ತನ್ನಷ್ಟಕ್ಕೆ ತಾನೇ ಹೊತ್ತಿಕೊಂಡಿತು. ತುಂಡು ಬಟ್ಟೆಯ ಹೆಂಗಸರು ಎಂಟು ಜನ ಡೋಲಿನ ಸದ್ದಿಗೆ ಸೊಂಟ ಕುಣಿಸತೊಡಗಿದರು. ಎಂಟೇ ಜನ ಎಂದು ಮನೆಯವರಿಗೆಲ್ಲ ಹೇಗೆ ಗೊತ್ತಾಯಿತು ಎಂದು ಕೇಳಬಾರದು; ಪ್ರಾರ್ಥನೆಯ ಹೊತ್ತಿನಲ್ಲಿ ನಮ್ಮ ಕಡೆ ಯಾರೂ ಕಣ್ಣು ತೆರೆಯುವುದಿಲ್ಲ.

ಮಾವ ದನಿ ಏರಿಸಿದ. ಟಿ.ವಿ.ಯೂ ಏರಿಸಿತು. ಕೊನೆಗೆ ಮತಲೇನಾಳ ತಂಗಿಯ ಗಂಡ ಫೆರೆತಿ ಮಂಡಿಯೂರಿದ ಹಾಗೆಯೇ ತೆವಳಿಕೊಂಡು ಹೋಗಿ, ಗೋಡೆ ತಡಕಿ, ಕೈಗೆ ಸಿಕ್ಕಿದ ವಯರನ್ನೆಲ್ಲ ಕಿತ್ತ. ಟಿ.ವಿ. ಜೊತೆಗೆ ಫ್ಯಾನು, ದೀಪ, ಫ್ರಿಜ್ಜು ಎಲ್ಲವೂ ನಿಂತವು. ಆ ನಿಶ್ಶಬ್ದದಲ್ಲಿ ಮಾವನ "ಆಮೆನ್" ಇಡೀ ಊರಿಗೆ ಕೇಳಿಸಿತು.

ಮನೆಯವರು ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಕಡಲದಂಡೆಯ ಗುಡಿಸಲುಗಳಲ್ಲಿ ಮೂರನೆಯದರಲ್ಲಿ ಇಳಿದುಕೊಂಡಿದ್ದ ಜರ್ಮನಿಯ ಹೈನರ್ ಮುಖ ಕೆಂಪಗೆ ಮಾಡಿಕೊಂಡು ಓಡಿಬಂದ. ತನ್ನ ಫೋನಿನಲ್ಲಿ ನೋಡಲು ಹೊರಟವನು ಯಾವುದನ್ನೋ ಒತ್ತಿದ್ದನಂತೆ, ಅದು ಇಲ್ಲಿಗೆ ಬಂದಿತ್ತಂತೆ. ಮತಲೇನಾಳ ತಂಗಿ ತೆಲೇಸಿಯಾ ಅವನನ್ನು ಕೂರಿಸಿ, ಬಿಸಿ ಕೋಕೊ ತರಿಸಿ, "ನಮ್ಮ ಟಿ.ವಿ. ಅಂದ್ರೆ ನಿಮ್ಮದೇ ಅಂದ್ಕೊಳಿ" ಎಂದು ಸಮಾಧಾನ ಮಾಡಿದಳು. ಕುಣಿದವರು ನಿನ್ನ ಸಂಬಂಧಿಕರೋ ಎಂದು ಮಾವ ಬಹಳ ಗಂಭೀರವಾಗಿ ವಿಚಾರಿಸಿದ.

ಹೈನರ್ ಹೋದ ಮೇಲೆ ಮತಲೇನಾ ತಂಗಿಯನ್ನು ಕೇಳಿದಳು. "ಅಲ್ಲ ಕಣೆ, ಅವನ ಫೋನಿಗೆ ನಮ್ಮ ಟಿ.ವಿ. ಕಾಣಿಸಿದ್ದು ಹೇಗೆ? ಬಂದವರ ವೈ-ಫೈ ಬೇರೆ ಇಲ್ವಾ?"

"ಇದೆಯಲ್ಲ. ಮನೆಯವರದ್ದೊಂದು, ಬಂದವರದ್ದೊಂದು. ಅಪಿಯಾ ಪಟ್ಟಣದಿಂದ ಬಂದವನು ಎರಡು ಮಾಡಿಕೊಟ್ಟು ಹೋಗಿದಾನೆ."

"ಎರಡಿದ್ರೆ ಹೀಗಾಗಬಾರ್ದು. ನಾಳೆ ನಾನು ನೋಡ್ತೀನಿ."

ಹಾಗೆಂದವಳಿಗೆ ಆದ ಖುಷಿ ಅಷ್ಟಿಷ್ಟಲ್ಲ. ಒಂಬತ್ತು ದಿನದಲ್ಲಿ ಆ ಮನೆಯಲ್ಲಿ ಅವಳ ಕೈಗೆ ಸಿಕ್ಕ ಮೊದಲ ಕೆಲಸ ಅದು.

ಮತಲೇನಾ ಆಕ್ಲೆಂಡಿನ ಓಟಾರಾದ ಒಂದು ಶಾಲೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವಳು. ಐವತ್ತೊಂದು ವಯಸ್ಸು, ಅಲ್ಲಿ ಹೇಳಿಕೊಳ್ಳಲು ಹಿಂದೆ ಮುಂದೆ ಯಾರೂ ಇಲ್ಲ. ಸವಾಯಿಯಿ ದ್ವೀಪದ ಈ ಮನೆಗೆ ಅವಳು ಬಂದಿಳಿದ ದಿನದಿಂದ ಅವಳನ್ನು ನೆಲಕ್ಕೆ ಬಿಡದೆ ನೋಡಿಕೊಳ್ಳುತ್ತಿದ್ದರು. ಒಳ್ಳೆಯ ಹಾಸಿಗೆ ಅವಳದು. ಊಟದ ಹೊತ್ತಿಗೆ ಹಿರಿಯರಿಗೂ ಅತಿಥಿಗಳಿಗೂ ಮೀಸಲಾದ ಮುಂಭಾಗದ ಮನೆಯಲ್ಲಿ ಮನೆಯ ಯಜಮಾನನಾದ ಮಾವನ ಜೊತೆ ಮೊದಲ ಪಂಕ್ತಿ, ಮೀನಿನ ದೊಡ್ಡ ತುಂಡು, ತೆಂಗಿನ ಹಾಲಿನಲ್ಲಿ ಬೆಂದ, ಟಾರೊ ಎಂಬ ಕೆಸುವಿನ ಎಲೆ. ಅವಳು ಎದ್ದ ಮೇಲೆ ಮಿಕ್ಕವರು ಹಿತ್ತಲ ಅಡುಗೆ ಗುಡಿಸಲಿನಲ್ಲಿ ಕುಳಿತು, ಉಳಿದದ್ದನ್ನು ಹಂಚಿಕೊಂಡು ತಿನ್ನುತ್ತಿದ್ದರು. ಅವರ ನಗು ಮುಂದಿನ ಮನೆಯವರೆಗೆ ಕೇಳಿಸುತ್ತಿತ್ತು. ಅವಳು ಪೊರಕೆ ಮುಟ್ಟಿದರೆ ಯಾರಾದರೂ ಕಿತ್ತುಕೊಳ್ಳುತ್ತಿದ್ದರು. ತಟ್ಟೆ ಎತ್ತಿದರೆ ತಂಗಿಯ ಮಗಳು ಲುಪೆ "ಅಯ್ಯೋ ದೊಡ್ಡಮ್ಮ" ಎಂದು ಹಾರಿ ಬರುತ್ತಿದ್ದಳು, ಏನೋ ಬೆಂಕಿಗೆ ಕೈಯಿಟ್ಟವರನ್ನು ಕಂಡ ಹಾಗೆ.

ಯಾರಿಗೂ ಗೊತ್ತಿಲ್ಲದ ವಿಷಯವೊಂದಿತ್ತು. ಓಟಾರಾದ ಬಾಡಿಗೆ ಮನೆಯನ್ನು ಖಾಲಿ ಮಾಡಿ, ಸಾಮಾನನ್ನು ಹನ್ನೊಂದು ಪೆಟ್ಟಿಗೆಗೆ ತುಂಬಿ ಗೆಳತಿಯ ಗ್ಯಾರೇಜಿನಲ್ಲಿಟ್ಟು ಬಂದಿದ್ದಳು. ಶುಕ್ರವಾರಕ್ಕೆ ವಾಪಸು ಟಿಕೆಟ್ಟಿತ್ತು, ಅದು ಬರೀ ಅಂಜಿಕೆಗೆ ತೆಗೆಸಿದ್ದು. ಅಮ್ಮ ಬದುಕಿರುವವರೆಗೆ ತೆಲೇಸಿಯಾ ಭಾನುವಾರ ಫೋನು ಮಾಡಿದಾಗಲೆಲ್ಲ "ಯಾವಾಗ ಬರ್ತೀಯೇ, ಬಂದ್ಬಿಡೇ" ಎನ್ನುತ್ತಿದ್ದಳು. ಎರಡು ವರ್ಷದ ಹಿಂದೆ ಅಮ್ಮ ಹೋದಳು. ಫೋನು ತಪ್ಪಲಿಲ್ಲ, ಆ ಮಾತು ಮಾತ್ರ ನಿಂತಿತು. ಅದನ್ನೊಮ್ಮೆ ಕೇಳಬೇಕು, ತಂಗಿಯ ಬಾಯಲ್ಲೇ ಕೇಳಬೇಕು ಎಂದು ಮತಲೇನಾ ಕಡಲು ದಾಟಿ ಬಂದಿದ್ದಳು. ತಾನಾಗಿ ಕೇಳಲು ಅವಳಿಗೆ ನಾಲಗೆ ಏಳುತ್ತಿರಲಿಲ್ಲ. ಹುಟ್ಟಿದ ಮನೆಯಲ್ಲಿ ಇರಲೇ ಎಂದು ಯಾರಾದರೂ ಅಪ್ಪಣೆ ಕೇಳುತ್ತಾರೆಯೇ?

ಬುಧವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಬಿಚ್ಚಿ ಕುಳಿತಳು. ವೈ-ಫೈ ಪೆಟ್ಟಿಗೆ ಫ್ರಿಜ್ಜಿನ ಮೇಲಿತ್ತು. ಅದಕ್ಕೆ ತೆಲೇಸಿಯಾ ನೂಲಿನ ಕಸೂತಿ ಹೊದಿಕೆ ಹಾಕಿದ್ದಳು. ಒಳಗಿನ ಏರ್ಪಾಟನ್ನು ನೋಡುತ್ತಿದ್ದಂತೆ ಮತಲೇನಾಳ ಹುಬ್ಬು ಮೇಲೇರಿತು, ಆಮೇಲೆ ನಗು ತಡೆಯಲಾಗಲಿಲ್ಲ.

"ತೆಲೇಸಿಯಾ, ಬಾ ಇಲ್ಲಿ. ಹೈನರ್‌ಗೆ ಯಾವ ಪಾಸ್‌ವರ್ಡ್ ಕೊಟ್ಟಿದೀಯ?"

"ದೊಡ್ಡದರದ್ದು, ಜೋರಾಗಿ ಓಡುತ್ತಲ್ಲ ಅದರದ್ದು."

"ಅದು ಮನೆಯವರದ್ದು ಕಣೆ! ನೀವೆಲ್ಲ ಯಾವುದ್ರಲ್ಲಿದೀರಿ?"

"ಚಿಕ್ಕದ್ರಲ್ಲಿ."

"ಚಿಕ್ಕದು ಬಂದವರದ್ದು! ಪೂರಾ ತಿರುಗುಮುರುಗು ಮಾಡ್ಕೊಂಡಿದೀರಲ್ಲೇ."

ತೆಲೇಸಿಯಾಗೆ ಇದರಲ್ಲಿ ನಗುವಂಥದ್ದು ಏನಿದೆ ಎಂದು ತಿಳಿಯಲಿಲ್ಲ. ಸೊಂಟದ ಲಾವಲಾವಾ ಬಟ್ಟೆಯನ್ನು ಬಿಗಿ ಮಾಡಿಕೊಳ್ಳುತ್ತಾ ಬಾಗಿಲಿಗೆ ಒರಗಿ ನಿಂತಳು. "ಅಪಿಯಾದವನು ಹೇಳಿದ, ಒಂದು ಜೋರಾಗಿ ಓಡುತ್ತೆ, ಎಲ್ಲಾ ಸಿಗುತ್ತೆ, ಇದು ನಿಮಗೆ. ಇನ್ನೊಂದು ನಿಧಾನ, ಏನೂ ಸಿಗಲ್ಲ, ಇದು ಬಂದವರಿಗೆ. ನಾನು ಅಂದ್ಕೊಂಡೆ, ಇವನನ್ನ ಹೆತ್ತವರು ಏನು ಕಲಿಸಿದಾರಪ್ಪ ಅಂತ. ಬಂದವರಿಗೆ ಕಳಪೆದು ಬಡಿಸಿ ನಾವು ಒಳ್ಳೇದು ತಿನ್ನೋದಾ? ಅವನು ಫೆರ್ರಿ ಹತ್ತಿದ ಮೇಲೆ ಪಾಸ್‌ವರ್ಡ್ ಅದಲು ಬದಲು ಮಾಡಿ ಹಂಚಿದೆ."

ನಾಲ್ಕು ವರ್ಷದಿಂದ ಹೀಗೇ ನಡೆದಿತ್ತು. ಟಿ.ವಿ., ಪ್ರಿಂಟರು, ಬುಕಿಂಗ್ ಲ್ಯಾಪ್‌ಟಾಪು ಎಲ್ಲವೂ ದೊಡ್ಡದರಲ್ಲಿ, ಬಂದುಹೋಗುವವರ ಜೊತೆ. ಮನೆಯವರು ಮಾತ್ರ ಹೊರಗೆ. ಲುಪೆ ಚರ್ಚಿನ ಹಾಡುಗಳನ್ನು ಪ್ರಿಂಟ್ ಹಾಕಬೇಕೆಂದರೆ ದಂಡೆಗೆ ಹೋಗಿ ಯಾರಾದರೂ ಪಾಲಂಗಿಯ ಕೈಕಾಲು ಹಿಡಿಯಬೇಕಿತ್ತು. ಬಿಳಿಯರನ್ನು ನಾವು ಪಾಲಂಗಿ ಎನ್ನುತ್ತೇವೆ. ಹೋದ ಕ್ರಿಸ್‌ಮಸ್ಸಿನ ಹಾಡುಗಳನ್ನೆಲ್ಲ ಪ್ರಿಂಟ್ ಹಾಕಿಕೊಟ್ಟವನು ನಾರ್ವೆಯ ಒಬ್ಬ ಹಲ್ಲಿನ ಡಾಕ್ಟರು. ಮನೆಯಲ್ಲಿ ಯಾರೂ ಇದನ್ನೊಂದು ಕಷ್ಟವೆಂದು ತಿಳಿದಿರಲಿಲ್ಲ. ಒಳ್ಳೆಯದು ಬಂದವರಿಗೆ ಹೋಗುತ್ತದೆ, ಅದರಲ್ಲೇನು ವಿಶೇಷ?

"ನೋಡು, ಜೋರು ಅವರಿಗೇ ಇರಲಿ," ಎಂದಳು ಮತಲೇನಾ. "ಅವರದ್ದಕ್ಕೆ ಮಿತಿ ತೆಗೀತೀನಿ, ನಮ್ಮದಕ್ಕೆ ಹಾಕ್ತೀನಿ. ಆದ್ರೆ ಟಿ.ವಿ., ಪ್ರಿಂಟರು, ಲ್ಯಾಪ್‌ಟಾಪು ನಮ್ಮ ಕಡೆ ಬರ್ತವೆ. ಮಧ್ಯೆ ಒಂದು ಗೋಡೆ. ಅಲ್ಲಿಂದ ಇಲ್ಲಿಗೆ ಇಣುಕಕ್ಕೆ ಆಗಲ್ಲ. ಆಯ್ತಾ?"

"ಜೋರು ಅವರಿಗೇ ತಾನೇ?"

"ಅವರಿಗೇ ಮಾರಾಯ್ತಿ."

"ಹಾಗಿದ್ರೆ ಗೋಡೆ ಹಾಕು."

ಮತಲೇನಾ ಕೆಲಸಕ್ಕೆ ಬಗ್ಗಿದಳು. ಈ ಕೆಲಸ ಅವಳಿಗೆ ನೀರು ಕುಡಿದಷ್ಟು ಸುಲಭ. ಶಾಲೆಯಲ್ಲಿ ಮಕ್ಕಳದ್ದೊಂದು, ಮೇಷ್ಟರದ್ದೊಂದು, ಬಂದುಹೋಗುವವರದ್ದೊಂದು ಎಂದು ಎಷ್ಟು ಸಲ ಮಾಡಿದ್ದಳೋ. ಬಂದವರದ್ದಕ್ಕೆ ಒಂದು ಪಾಸ್‌ವರ್ಡ್ ಸಾಕು. ಮನೆಯವರದ್ದಕ್ಕೆ ಪಾಸ್‌ವರ್ಡಿನ ಜೊತೆ ಒಂದು ಪಟ್ಟಿಯನ್ನೂ ಇಡೋಣವೆಂದುಕೊಂಡಳು. ಪಟ್ಟಿಯಲ್ಲಿ ಹೆಸರಿದ್ದ ಫೋನಿಗೆ ಮಾತ್ರ ಬಾಗಿಲು ತೆರೆಯುತ್ತದೆ. ತಂಗಿ ಯಾರು ಕೇಳಿದರೂ ಪಾಸ್‌ವರ್ಡ್ ಧಾರೆಯೆರೆಯುವವಳೆಂದು ಅವಳಿಗೆ ಈಗ ಗೊತ್ತಾಗಿತ್ತು.

"ಒಳಗೆ ಯಾರ್ಯಾರು? ಹೇಳ್ತಾ ಹೋಗು, ಹಾಕ್ತೀನಿ."

ತೆಲೇಸಿಯಾ ಚಾಪೆಯ ಮೇಲೆ ಕುಳಿತು ಬೆರಳು ಮಡಿಸತೊಡಗಿದಳು. "ಮಾವಂದು ಮೊದಲು ಹಾಕು. ಆಮೇಲೆ ನಂದು. ಫೆರೆತಿದು. ಲುಪೆದು."

"ಆಯ್ತು."

"ಪಾದ್ರಿಗಳದ್ದು."

"ಪಾದ್ರಿ ಮನೆಯೋರಾ?"

"ಶನಿವಾರ ಬಂದು ಉಪದೇಶ ಪ್ರಿಂಟ್ ಹಾಕ್ಕೊಂಡು ಹೋಗ್ತಾರಲ್ಲ. ಅವರೂ ಜರ್ಮನ್ನೋನ ಹತ್ರ ಹೋಗಿ ನಿಲ್ಲಬೇಕಾ? ಫೆರೆತಿ ತಮ್ಮಂದೂ ಹಾಕು, ಮೀನು ತಂದುಕೊಡ್ತಾನೆ ಪಾಪ."

"ಹಾಕಿದೆ. ಇನ್ನು?"

"ಅಮ್ಮಂದು."

ಮತಲೇನಾಳ ಬೆರಳು ಕೀಲಿಗಳ ಮೇಲೆ ನಿಂತಿತು.

"ಅಮ್ಮನ ಫೋನು ಇನ್ನೂ ಇದೆ ಕಣೆ. ಭಾನುವಾರ ಭಾನುವಾರ ಚಾರ್ಜಿಗೆ ಹಾಕ್ತೀನಿ. ಫೋಟೋ ಎಲ್ಲ ಅದರಲ್ಲೇ ಇದಾವೆ. ಅವಳು ಹೊರಗಿರೋದು ಬೇಡ, ಹಾಕು."

ಮತಲೇನಾ "ಅಮ್ಮ" ಎಂದು ಬರೆದಳು. ಅಷ್ಟು ಬರೆಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಆದಷ್ಟು ಸಹಜವಾದ ದನಿಯಲ್ಲಿ ಕೇಳಿದಳು.

"ಮುಗೀತಾ?"

ತೆಲೇಸಿಯಾ ಮಡಿಸಿದ ಬೆರಳುಗಳನ್ನು ಇನ್ನೊಮ್ಮೆ ಎಣಿಸಿದಳು. "ಮುಗೀತು."

"ನಂದು?"

"ನಿಂದೇನೇ?" ತೆಲೇಸಿಯಾ ನಕ್ಕುಬಿಟ್ಟಳು. "ನೀನು ಬಂದವರದ್ರಲ್ಲಿ ಇರು, ಅದೇ ಜೋರಾಗಿರೋದು. ನಿನ್ನನ್ನೂ ನಮ್ಮ ಜೊತೆ ತೆವಳೋದ್ರಲ್ಲಿ ಹಾಕಿದ್ರೆ ಊರವರು ನನ್ನ ಮುಖಕ್ಕೆ ಉಗೀತಾರೆ. ಅಲ್ದೆ ಶುಕ್ರವಾರ ಹೋಗೋಳನ್ನ ಸೇರಿಸೋದು ಯಾಕೆ, ತೆಗೆಯೋದು ಯಾಕೆ?"

"ಅದೂ ಸರಿ," ಎಂದಳು ಮತಲೇನಾ.

ಪಟ್ಟಿಯನ್ನು ಉಳಿಸಿದಳು. ಪೆಟ್ಟಿಗೆಯ ದೀಪಗಳು ಆರಿ ಮತ್ತೆ ಹತ್ತಿದವು. ಲುಪೆ ತನ್ನ ಫೋನಿನಿಂದ ಪ್ರಿಂಟರಿಗೆ ಒಂದು ಹಾಡು ಕಳಿಸಿ, ಹಾಳೆ ಹೊರಬಿದ್ದದ್ದೇ ತಡ ಕುಣಿದಾಡಿದಳು. ಮಾವ ತನ್ನ ಹಳೆಯ ಫೋನನ್ನು ಹಿಡಿದು, ಇದರಿಂದ ಟಿ.ವಿ.ಗೆ ಏನಾದರೂ ಕಳಿಸಬಹುದೋ ಎಂದು ಕೇಳಿದ. ಕಳಿಸಬಹುದು ಎಂದು ತಿಳಿದ ಮೇಲೆ, ಹೈನರನ ಹತ್ತಿರ ಆ ಕುಣಿತದ ಹೆಸರೇನೆಂದು ಕೇಳಿಕೊಂಡು ಬಾ ಎಂದು ಫೆರೆತಿಯನ್ನು ಗುಟ್ಟಾಗಿ ಅಟ್ಟಿದ. ಎಲ್ಲರೂ ಮತಲೇನಾಳನ್ನು ಹೊಗಳಿದರು. ಊರಲ್ಲಿ ಇಂಥ ಬುದ್ಧಿವಂತೆ ಇನ್ನೊಬ್ಬಳಿಲ್ಲ ಎಂದರು, ಹಣ್ಣು ಕೊಯ್ದು ತಟ್ಟೆಯಲ್ಲಿಟ್ಟು ಮುಂದೆ ತಂದಿಟ್ಟರು.

ಹಣ್ಣು ತಿನ್ನುತ್ತಾ ಅವಳು ತನ್ನ ಫೋನು ನೋಡಿದಳು. ನಿನ್ನೆಯವರೆಗೆ ಅದರಲ್ಲಿ ಮನೆಯ ಟಿ.ವಿ. ಕಾಣುತ್ತಿತ್ತು, ಪ್ರಿಂಟರು ಕಾಣುತ್ತಿತ್ತು, ಬುಕಿಂಗ್ ಲ್ಯಾಪ್‌ಟಾಪಿನ ಹೆಸರು ಕಾಣುತ್ತಿತ್ತು. ಈಗ ಒಂದೂ ಇರಲಿಲ್ಲ. ವೇಗ ಮಾತ್ರ ಭರ್ಜರಿಯಾಗಿತ್ತು. ತಾನೇ ಗೋಡೆ ಕಟ್ಟಿ, ತಾನೇ ಹೊರಗೆ ನಿಂತದ್ದಾಯಿತು. ಐವತ್ತೊಂದು ವರ್ಷದ ಹೆಂಗಸು ಒಂದು ವೈ-ಫೈಗಾಗಿ ಅಳುವುದೇ ಎಂದು ತನ್ನನ್ನು ತಾನೇ ಗದರಿಕೊಂಡಳು. ಆದರೂ ಸತ್ತ ಅಮ್ಮನಿಗೆ ಒಳಗೆ ಜಾಗವಿದೆ, ಮೀನು ತರುವವನಿಗಿದೆ, ಬದುಕಿರುವ ನನಗಿಲ್ಲ ಎಂದು ಮನಸ್ಸು ಚಿಕ್ಕ ಹುಡುಗಿಯ ಹಾಗೆ ಹಟ ಹಿಡಿಯಿತು.

ಮಧ್ಯಾಹ್ನದ ಮೇಲೆ ಐದನೇ ಗುಡಿಸಲಿಗೆ ಹೊಸಬರು ಬರುವವರಿದ್ದರು. ತೆಲೇಸಿಯಾ ಅಲ್ಲಿ ಹಾಸಿಗೆ ಸರಿಮಾಡುತ್ತಿದ್ದಾಗ ಮತಲೇನಾ ಹೋಗಿ ದುಪ್ಪಟಿಯ ಇನ್ನೊಂದು ತುದಿ ಹಿಡಿದಳು. ಕಡಲ ಗಾಳಿ ಜೋರಾಗಿತ್ತು, ಬಟ್ಟೆ ಹಾರುತ್ತಿತ್ತು. ಒಬ್ಬರಿಂದ ಆಗುವ ಕೆಲಸವಲ್ಲವಾದ್ದರಿಂದ ತಂಗಿ ಕಿತ್ತುಕೊಳ್ಳಲಿಲ್ಲ.

"ನಾನು ಹೋಗದೇ ಇದ್ರೆ?" ಎಂದು ಕೇಳಿಯೇಬಿಟ್ಟಳು ಮತಲೇನಾ.

"ಎಲ್ಲಿಗೆ?"

"ಆಕ್ಲೆಂಡಿಗೆ. ಮನೆ ಬಿಟ್ಟು ಬಂದಿದೀನಿ. ಸಾಮಾನೆಲ್ಲ ಗೆಳತಿ ಗ್ಯಾರೇಜಲ್ಲಿದೆ. ಇಲ್ಲೇ ಇರೋಣ ಅಂತ ಬಂದೆ ಕಣೆ. ನೀನು ಇರು ಅಂತೀಯೇನೋ ಅಂತ ಹತ್ತು ದಿನದಿಂದ ನಿನ್ನ ಬಾಯಿ ನೋಡ್ಕೊಂಡು ಕೂತಿದೀನಿ."

ತೆಲೇಸಿಯಾ ದುಪ್ಪಟಿಯ ಅಂಚನ್ನು ಹಾಸಿಗೆಯ ಕೆಳಗೆ ತುರುಕಿದಳು. ಒಂದು ಮೂಲೆ ಆದ ಮೇಲೆ ಇನ್ನೊಂದು ಮೂಲೆ. ಎದ್ದು ನಿಂತಾಗ ಅವಳ ಮುಖದಲ್ಲಿ ಬೆಳಗಿನ ನಗುವಿರಲಿಲ್ಲ.

"ನನಗೆ ಗೊತ್ತಾಗ್ಲಿಲ್ಲ ಅಂದ್ಕೊಂಡ್ಯಾ? ನಿನ್ನ ಪೆಟ್ಟಿಗೇಲಿ ಚಳಿಗಾಲದ ಕೋಟು ಇರಲಿಲ್ಲ. ಈ ಚಳೀಲಿ ಆಕ್ಲೆಂಡಿಗೆ ವಾಪಸು ಇಳಿಯೋಳು ಕೋಟು ಬಿಟ್ಟು ಬರ್ತಾಳಾ? ಬಂದ ದಿನವೇ ತಿಳೀತು."

"ಮತ್ತೆ ಯಾಕೆ ಒಂದು ಮಾತು ಅನ್ಲಿಲ್ಲ?"

"ಏನು ಅನ್ನಲಿ ಅಕ್ಕ? ನೀನು ದೊಡ್ಡವಳು. ನೀನು ಅಡುಗೆಮನೆ ಹೊಸಲು ದಾಟಿದ ದಿನ ನಾನು ಬಾಗಿಲ ಹತ್ರ ನಿಲ್ಲಬೇಕು. ನಾಲ್ಕು ವರ್ಷ ಅಮ್ಮನ ಮೈ ತೊಳೆದಿದೀನಿ. ಬಿರುಗಾಳಿ ಬಂದ ವರ್ಷ ಈ ಏಳು ಗುಡಿಸಲೂ ಸಮುದ್ರಕ್ಕೆ ಹೋದ್ವು, ಒಂದೊಂದು ಕಂಬಾನೂ ಫೆರೆತಿ ಜೊತೆ ನಾನೇ ನೆಟ್ಟಿದೀನಿ. ಯಾವ ಪಾತ್ರೆ ಸೋರುತ್ತೆ, ಯಾವ ನೆಂಟ ಯಾತಕ್ಕೆ ಮುನಿಸ್ಕೋತಾನೆ, ಎಲ್ಲಾ ನನಗೆ ಗೊತ್ತು. ನೀನು ಬಂದು ಒಂದು ವಾರಕ್ಕೆ ಮಾವ ನಿನ್ನ ಕೇಳ್ತಾನೆ. ಫೆರೆತಿ ನಿನ್ನ ಕೇಳ್ತಾನೆ. ಇವತ್ತೇ ನೋಡು, ಆ ಪೆಟ್ಟಿಗೆ ಒಂದು ಸರಿ ಮಾಡಿದ್ದಕ್ಕೆ ಲುಪೆ ಸಂಜೆ ಅಡುಗೆ ಏನು ಮಾಡೋದು ಅಂತ ನಿನ್ನ ಮುಖ ನೋಡಿದಳು. ನಾನು ಅಲ್ಲೇ ನಿಂತಿದ್ದೆ."

"ನಾನು ಮೇಲೆ ಕೂರಕ್ಕೆ ಬಂದಿಲ್ವೇ."

"ನೀನು ಎಲ್ಲಿ ಕೂತ್ರೂ ಅದೇ ಮೇಲಾಗುತ್ತೆ." ತೆಲೇಸಿಯಾ ದಿಂಬು ಕೊಡವಿದಳು. "ನಿನ್ನನ್ನ ಬಂದವಳ ಹಾಗೆ ಇಟ್ಕೊಂಡ್ರೆ ನನಗೆ ನೀನೂ ಉಳೀತೀಯ, ಮನೆಯೂ ಉಳಿಯುತ್ತೆ. ನಿನ್ನ ಮೇಲೆ ನನಗೇನು ಸಿಟ್ಟಿಲ್ಲ. ದೇವರಾಣೆ ಇಲ್ಲ. ಆದ್ರೆ ನೀನು ಒಳಗೆ ಬಂದ್ರೆ ನಾನೆಲ್ಲಿ ಕೂರಲಿ, ಅದನ್ನ ಹೇಳು."

 ನಮ್ಮಲ್ಲಿ ದೊಡ್ಡವರು ದೊಡ್ಡವರೇ. ಬೇಡವೆಂದು ಕಳಚಿ ಮೊಳೆಗೆ ನೇತುಹಾಕುವಂಥದ್ದಲ್ಲ ಅದು. ಇಷ್ಟು ವರ್ಷ ತಾನು ಹಂಬಲಿಸಿದ ಮನೆಯಲ್ಲಿ ತನಗಾಗಿ ಒಂದು ಜಾಗ ಖಾಲಿ ಬಿದ್ದಿರುತ್ತದೆ ಎಂದೇ ಮತಲೇನಾ ತಿಳಿದಿದ್ದಳು. ಜಾಗ ಖಾಲಿ ಇರಲಿಲ್ಲ, ಅದರಲ್ಲಿ ತಂಗಿ ಬೆಳೆದು ನಿಂತಿದ್ದಳು. ದಂಡೆಯ ಕಡೆಯಿಂದ ಕಾರಿನ ಸದ್ದು ಕೇಳಿಸಿತು. ಹೊಸ ಅತಿಥಿಗಳು ಬಂದರೆಂದು ತೆಲೇಸಿಯಾ ಕಣ್ಣೊರೆಸಿಕೊಂಡು, ಮುಖದ ಮೇಲೆ ನಗು ತಂದುಕೊಂಡು ಓಡಿದಳು.

ಆ ಸಂಜೆ ಇಬ್ಬರೂ ಒಬ್ಬರಿಗೊಬ್ಬರು ಎದುರಾಗದ ಹಾಗೆ ನೋಡಿಕೊಂಡರು. ಮತಲೇನಾ ಪೆಟ್ಟಿಗೆ ತುಂಬತೊಡಗಿದಳು. ತುಂಬಲು ಹೆಚ್ಚೇನಿರಲಿಲ್ಲ. ಮರುದಿನ ಬೆಳಿಗ್ಗೆ ಫೆರೆತಿ ಹಿತ್ತಲಲ್ಲಿ ಕಲ್ಲು ಕಾಯಿಸಿ ದೀವಿ ಹಲಸು ಸುಡುತ್ತಿದ್ದ. ಅವಳು ಹೋಗಿ ಅವನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತಳು. ಅವನಿಗೆ ಹೆಂಡತಿಯಿಂದ ವಿಷಯ ತಿಳಿದಿತ್ತೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಇಪ್ಪತ್ತೊಂದು ವರ್ಷ ಆಯ್ತು ಅತ್ತಿಗೆ, ನಾನು ಈ ಮನೆಗೆ ಅಳಿಯನಾಗಿ ಬಂದು," ಎಂದ ಫೆರೆತಿ, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು. "ಮೊದಲ ವಾರ ನನಗೂ ಮೀನಿನ ತಲೆ, ಮುಂದಿನ ಮನೇಲಿ ಊಟ. ರಾಜೋಪಚಾರ. ನಾನೂ ಪೆದ್ದ, ಇದೇ ಸುಖ ಅಂದ್ಕೊಂಡಿದ್ದೆ."

"ಆಮೇಲೆ?"

"ಆಮೇಲೆ ಒಂದಿನ ನಿಮ್ಮ ತಂಗಿ ಬೈದಳು. ಕಟ್ಟಿಗೆ ಹಸಿ ತಂದಿದೀಯ, ನಿಂಗೆ ಕಣ್ಣಿಲ್ವಾ ಅಂತ. ಎಲ್ಲರೆದುರಿಗೂ." ಅವನು ಒಂದು ಹಲಸನ್ನು ಹೊರಳಿಸಿದ. "ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು ನೋಡಿ."

ಮತಲೇನಾ ಕೋಲೊಂದನ್ನು ತೆಗೆದುಕೊಂಡು ಪಕ್ಕದ ಹಲಸನ್ನು ಹೊರಳಿಸಿದಳು. ಅವನು ತಡೆಯಲಿಲ್ಲ.

ಅಂದು ಗುರುವಾರ ಮಧ್ಯಾಹ್ನ ಬೀಳ್ಕೊಡುಗೆಯ ಊಟವೆಂದು ದೊಡ್ಡ ಮೀನು ಬೇಯಿಸಿದ್ದರು, ಹಂದಿಮರಿ ಕೊಯ್ದಿದ್ದರು. ಮುಂದಿನ ಮನೆಯಲ್ಲಿ ಬಾಳೆಯೆಲೆ ಹಾಸಿ ಮಾವನಿಗೂ ಅವಳಿಗೂ ಬಡಿಸಿಟ್ಟರು. ಅವಳು ಬರಲಿಲ್ಲ. ಮಾವ "ಮತಲೇನಾ ಎಲ್ಲಿ?" ಎಂದು ಎರಡು ಸಲ ಕೂಗಿದ. ಊಟ ಆರಿಹೋಗುವುದೆಂಬ ಕಾಳಜಿಯಿಂದ ಆಮೇಲೆ ಅವಳ ಪಾಲಿನ ಮೀನನ್ನೂ ತಾನೇ ತಿಂದ.

ಅವಳು ಅಡುಗೆ ಗುಡಿಸಲಿನಲ್ಲಿದ್ದಳು. ಮನೆಯವರು ಊಟಕ್ಕೆ ಬಂದಾಗ, ಗಾಳಿ ಮಳೆ ಮೊದಲು ತಟ್ಟುವ ಹೊರಗಂಬದ ಬುಡದಲ್ಲಿ ಕಾಲು ಮಡಚಿ ಕುಳಿತಿದ್ದಳು. ಎಲ್ಲರಿಗಿಂತ ಕಿರಿಯಳಾದ ಲುಪೆ ಕೂರುವ ಜಾಗ ಅದು. ಲುಪೆ ತಾನೆಲ್ಲಿ ಕೂರಬೇಕೆಂದು ತಿಳಿಯದೆ ನಿಂತೇ ಇದ್ದಳು.

"ಎದ್ದೇಳಕ್ಕ," ಎಂದಳು ತೆಲೇಸಿಯಾ ಮೆಲ್ಲಗೆ. "ಮುಂದೆ ಬಡಿಸಿದೆ."

"ನೀನು ಊಟ ಮಾಡು."

"ನೀನು ತಿನ್ನದೆ ನಾನು ಹೇಗೆ ತಿನ್ನಲಿ?"

"ನನಗೆ ಆಮೇಲೆ. ಉಳಿದಿದ್ದು ಸಾಕು."

 ಫೆರೆತಿ ಮಡಕೆಯೊಳಗೆ ಏನೋ ಕಳೆದುಕೊಂಡವನಂತೆ ಬಗ್ಗಿ ನೋಡತೊಡಗಿದ. ತೆಲೇಸಿಯಾ ಟಾರೊ ಗೆಡ್ಡೆ ಮುರಿದು ಬಾಯಿಗಿಟ್ಟಳು, ಬಹಳ ಹೊತ್ತು ಅಗಿದಳು. ಇನ್ನೊಂದು ತುತ್ತು. ಅಕ್ಕ ನೋಡುತ್ತಿದ್ದಾಳೆ ಎಂಬುದೊಂದೇ ಅವಳ ತಲೆಯಲ್ಲಿತ್ತು. ಹಸಿವೂ ಇತ್ತು, ಬೆಳಗಿನಿಂದ ಮೂರು ಗುಡಿಸಲು ಗುಡಿಸಿದ್ದಳು. ಆಮೇಲಾಮೇಲೆ ಸರಿಯಾಗಿಯೇ ಊಟ ಮಾಡಿದಳು.

ಊಟ ಮುಗಿದ ಮೇಲೆ ಕೈ ತೊಳೆಯುವ ನೀರನ್ನು ಬೋಗುಣಿಯಲ್ಲಿ ತಂದುಕೊಡುವುದು ಮನೆಯ ಕಿರಿಯವರ ಕೆಲಸ. ಲುಪೆ ಬೋಗುಣಿಗೆ ಕೈ ಹಾಕುವಷ್ಟರಲ್ಲಿ ಮತಲೇನಾ ಅದನ್ನು ಎತ್ತಿಕೊಂಡಿದ್ದಳು. ಹಂಡೆಯಿಂದ ನೀರು ತುಂಬಿಕೊಂಡು, ಬೆನ್ನು ಬಾಗಿಸಿ, ಕುಳಿತವರ ಮುಂದೆ ಹಾದು ಹೋಗುವಾಗ ಚಿಕ್ಕವರು ಹೇಳುವ ಹಾಗೆ "ತುಲೌ" ಎಂದು ಕ್ಷಮೆ ಕೇಳಿಕೊಳ್ಳುತ್ತಾ ಬಂದಳು. ತಂಗಿಯ ಮುಂದೆ ಮಂಡಿಯೂರಿ ಬೋಗುಣಿ ಇಟ್ಟಳು. ಮಂಡಿ ಚಟ್ಟೆಂದದ್ದು ಎಲ್ಲರಿಗೂ ಕೇಳಿಸಿತು.

ತೆಲೇಸಿಯಾ ಕೈ ಅದ್ದಲಿಲ್ಲ. ನೀರನ್ನು ನೋಡಿದಳು, ಅಕ್ಕನ ತಲೆಯ ನಡುವೆ ಬೈತಲೆಯಲ್ಲಿ ಬೆಳ್ಳಗಾದ ಕೂದಲು ನೋಡಿದಳು.  

"ಏನಿದು?" ಎಂದಳು ತೆಲೇಸಿಯಾ ಕೊನೆಗೆ. ದನಿ ಒರಟಾಗಿತ್ತು. "ಬರೀ ನೀರು ತಂದಿದೀಯಲ್ಲ. ಮೀನು ತಿಂದ ಕೈ ಬರೀ ನೀರಲ್ಲಿ ಹೋಗುತ್ತಾ? ಈ ಮನೇಲಿ ನಿಂಬೆ ಎಲೆ ಹಿಸುಕಿ ಹಾಕ್ತೀವಿ."

"ಗಿಡ ಎಲ್ಲಿದೆ?"

"ಹಿತ್ತಲಲ್ಲಿ. ನೀರಿನ ತೊಟ್ಟಿ ಹಿಂದೆ. ಹೋಗು, ಬೇಗ ತಗೊಂಬಾ."

ಮತಲೇನಾ ಎದ್ದು ಹೋದಳು. ತೊಟ್ಟಿಯ ಹಿಂದೆ ಮೂರು ಗಿಡಗಳಿದ್ದವು. ಒಂದು ಕಿತ್ತಳೆ, ಒಂದು ಚಕ್ಕೋತ, ಒಂದು ನಿಂಬೆ. ಮೂರೂ ಅವಳು ಊರು ಬಿಟ್ಟ ಮೇಲೆ ನೆಟ್ಟವು. ಒಂದರಲ್ಲೂ ಕಾಯಿರಲಿಲ್ಲ, ಎಲೆ ಎಲ್ಲವೂ ಒಂದೇ ಥರ. ಅವಳು ಒಂದೊಂದೇ ಎಲೆ ಕಿತ್ತು, ಹಿಸುಕಿ, ಮೂಗಿಗೆ ಹಿಡಿದು ನೋಡುತ್ತಿದ್ದಳು.

"ಅಮ್ಮಾ, ದೊಡ್ಡಮ್ಮಂಗೆ ಗೊತ್ತಾಗ್ತಿಲ್ಲ, ನಾನು ಹೋಗಿ ತೋರಿಸ್ತೀನಿ," ಎಂದು ಲುಪೆ ಹೊರಟಳು.

"ಕೂತ್ಕೋ ನೀನು."

"ನಲ್ಲೀಲಿ ತೊಳ್ಕೊಂಡ್ಬಿಡೇ," ಎಂದ ಫೆರೆತಿ. "ಎಷ್ಟೊತ್ತು ಹಾಗೇ ಕೂರ್ತೀಯ?"

"ಸುಮ್ನಿರು. ತರ್ತಾಳೆ."

ತೆಲೇಸಿಯಾಳ ಎಂಜಲು ಕೈ ಒಣಗುತ್ತಾ ಬಂದಿತ್ತು. ಬಟ್ಟೆಗೆ ತಾಗದ ಹಾಗೆ ಅದನ್ನು ಮುಂದಕ್ಕೆ ಚಾಚಿಕೊಂಡು, ಹಿತ್ತಲ ಕಡೆ ನೋಡುತ್ತಾ ಕುಳಿತೇ ಇದ್ದಳು.